ಡಬ್ಲಿನ್ ಮಹಾನಗರವೋ, ಮಗ್ಗುಲಿನ ಪಟ್ಟಣವೋ?

ಪರದೇಶವಾಸ ನಮ್ಮ ಕರಾವಳಿಯ ಕ್ರೈಸ್ತ ಕುಟುಂಬಗಳಿಗೆ ಹೊಸತೇನಲ್ಲ. ನಮ್ಮ ಅಜ್ಜಂದಿರು ಮುಂಬಯಿಗೆ ಹೋದರು. ಅವರ ಮಕ್ಕಳು ಕುವೈತ್, ಬಹರೈನ್, ದುಬಾಯಿಗಳನ್ನು ಕಂಡರು. ಕೊಲ್ಲಿ ರಾಷ್ಟ್ರಕ್ಕೆ ಹೋದವನು ಎಲ್ಲಿ ವಾಸಿಸಬೇಕೆಂಬುದನ್ನು ಬಹುಮಟ್ಟಿಗೆ ಕಂಪೆನಿಯೇ ನಿರ್ಧರಿಸುತ್ತಿತ್ತು. ಕೋಣೆ ಅದರದು, ಕೆಲಸಕ್ಕೆ ಕರೆದೊಯ್ಯುವ ಬಸ್ಸು ಅದರದು, ಹೆಂಡತಿ ಮಕ್ಕಳು ಊರಿನಲ್ಲಿ. ಈಗ ಐರ್ಲೆಂಡಿಗೆ ಹೊರಟಿರುವ ನಮ್ಮ ದಾದಿಯರ ಸ್ಥಿತಿ ಬೇರೆ. ಅವರ ಬೆನ್ನಿಗೆ ಸಂಸಾರವೂ ಹೊರಡುತ್ತದೆ. ಮೊದಲ ಕೆಲವು ವಾರಗಳ ವಸತಿಯನ್ನು ಆಸ್ಪತ್ರೆ ಒದಗಿಸಿದರೂ ಅನಂತರ ಮನೆ ಹುಡುಕುವ ಹೊಣೆ ಅವರದೇ. 2022ರ ಜನಗಣತಿಯಂತೆ ಅಲ್ಲಿ 45 ಸಾವಿರಕ್ಕೂ ಹೆಚ್ಚು ಭಾರತೀಯ ಪ್ರಜೆಗಳಿದ್ದರು.

ಹೊರಡುವ ಮೊದಲು ಬಂಧುಬಳಗದಲ್ಲಿ ಏಳುವ ಪ್ರಶ್ನೆ ಸಾಮಾನ್ಯವಾಗಿ ಒಂದೇ: ಡಬ್ಲಿನ್‌ನಲ್ಲಿ ಬಾಡಿಗೆ ವಿಪರೀತವಂತೆ, ಹೊರಗಿನ ಪಟ್ಟಣದಲ್ಲಿ ಮನೆ ಮಾಡಿ ರೈಲಿನಲ್ಲಿ ಹೋಗಿಬಂದರೆ ಆಗದೇ? ಪ್ರಶ್ನೆ ನ್ಯಾಯವಾದುದೇ. ಆದರೆ ಅದನ್ನು ವಿಮಾನ ಇಳಿದ ಮೇಲೆ ಕೇಳುವ ರೂಢಿ ಸರಿಯಲ್ಲವೆಂಬುದು ನಮ್ಮ ಅಭಿಪ್ರಾಯ. ನೇಮಕಾತಿ ಪತ್ರಕ್ಕೆ ಸಹಿ ಬೀಳುವ ದಿನವೇ ಇದರ ಅರ್ಧ ಉತ್ತರ ಬರೆದಾಗಿರುತ್ತದೆ. ಹೇಗೆಂಬುದನ್ನು ನೋಡೋಣ.

ಡಬ್ಲಿನ್ ಲಿಫಿ ನದಿಯ ಇಕ್ಕೆಲಗಳಲ್ಲಿ, ಸಮುದ್ರಕ್ಕೆ ಮುಖ ಮಾಡಿ ಬೆಳೆದಿರುವ ರಾಜಧಾನಿ. ನಗರದ ಸುತ್ತ ಎಂ-50 ಎಂಬ ಹೆದ್ದಾರಿ ಅರ್ಧಚಂದ್ರಾಕಾರವಾಗಿ ಹಾಯುತ್ತದೆ. ನಗರ ಉಕ್ಕಿ ಹರಿಯುತ್ತಿದೆಯೆಂದು ಕಂಡಾಗ, 1967ರಲ್ಲಿ ಮೈಲ್ಸ್ ರೈಟ್ ಎಂಬ ಯೋಜನಾತಜ್ಞರು ಪಶ್ಚಿಮಕ್ಕೆ ಹೊಸ ಪಟ್ಟಣಗಳನ್ನು ಕಟ್ಟಬೇಕೆಂದು ವರದಿ ಸಲ್ಲಿಸಿದರು. ಟಾಲ, ಕ್ಲಾಂಡಾಲ್ಕಿನ್, ಲ್ಯೂಕನ್, ಬ್ಲಾಂಚರ್ಡ್ಸ್‌ಟೌನ್‌ಗಳು ಇಂದಿನ ರೂಪಕ್ಕೆ ಬೆಳೆದುದು ಅಲ್ಲಿಂದೀಚೆಗೆ. ಇವನ್ನು ನಾವು ಒಳಸುತ್ತಿನ ಉಪನಗರಗಳೆಂದು ಕರೆಯೋಣ. ವಿಮಾನ ನಿಲ್ದಾಣದ ಆಚೆಗಿನ ಸೋರ್ಡ್ಸ್ ಕೂಡ ಇದೇ ಸಾಲಿನದು. ಹೊರಸುತ್ತಿನಲ್ಲಿ ತಮ್ಮದೇ ಹಳೆಯ ಇತಿಹಾಸವುಳ್ಳ ಸ್ವತಂತ್ರ ಪಟ್ಟಣಗಳಿವೆ: ಸುಮಾರು 25 ಕಿಲೋಮೀಟರ್ ದೂರದ ಮೇನೂತ್, ಮೂವತ್ತು ಚಿಲ್ಲರೆ ಕಿಲೋಮೀಟರ್ ಆಚೆಗಿನ ನೇಸ್ ಮತ್ತು ಬಾಲ್ಬ್ರಿಗನ್, ಐವತ್ತರ ಆಸುಪಾಸಿನ ನ್ಯಾವನ್ ಮತ್ತು ಡ್ರೊಹೆಡಾ. ಭೂಪಟದಲ್ಲಿ ಇವೆಲ್ಲ ಅಂಗೈಯಗಲದಲ್ಲಿ ಕಾಣುತ್ತವೆ. ಮಂಗಳೂರಿಗೂ ಉಡುಪಿಗೂ ನಡುವಣ ಅಂತರವೂ ಹೆಚ್ಚುಕಡಿಮೆ ಅಷ್ಟೇ ತಾನೆ ಎಂದು ನಮ್ಮವರು ಲೆಕ್ಕ ಹಾಕುತ್ತಾರೆ.

ಬಾಡಿಗೆಯ ಮಾತು ಸುಳ್ಳಲ್ಲ. ಡಬ್ಲಿನ್‌ನಲ್ಲಿ ಹೊಸದಾಗಿ ಬಾಡಿಗೆಗೆ ಹೋಗುವ ಮನೆಗಳ ಸರಾಸರಿ 2023ರಲ್ಲೇ ತಿಂಗಳಿಗೆ 2,000 ಯೂರೋ ದಾಟಿತ್ತು. ಸೇವೆಗೆ ಆಗತಾನೇ ಸೇರಿದ ದಾದಿಯೊಬ್ಬಳು ತೆರಿಗೆ ಕಳೆದು ಮನೆಗೆ ತರುವ ವೇತನದ ಬಹುಪಾಲು ಇದಕ್ಕೇ ಹೋಗುವುದರಿಂದ, ಒಂದೇ ಸಂಬಳದಲ್ಲಿ ನಗರದೊಳಗೆ ಸಂಸಾರ ಹೂಡುವುದು ಕಷ್ಟಸಾಧ್ಯ. ಹೊರಸುತ್ತಿನ ಪಟ್ಟಣಗಳಲ್ಲಿ ಬಾಡಿಗೆ ಗಣನೀಯವಾಗಿ ಕಡಿಮೆ. ಎರಡು ಸೌಕರ್ಯಗಳನ್ನು ಮಾತ್ರ ಇಲ್ಲಿ ನೆನಪಿಸಬೇಕು. ಕ್ರಿಟಿಕಲ್ ಸ್ಕಿಲ್ಸ್ ಎಂಬ ಉದ್ಯೋಗ ಪರವಾನಗಿಯಲ್ಲಿ ಹೋದ ದಾದಿಯ ಪತಿಗೆ 2019ರಿಂದ ಪ್ರತ್ಯೇಕ ಪರವಾನಗಿಯಿಲ್ಲದೆ ದುಡಿಯಲು ಅವಕಾಶವಿದೆ. ಇನ್ನೊಂದು, 2021ರ ಕಾನೂನಿನಂತೆ ಮನೆಯೊಡೆಯನು ಒಂದು ತಿಂಗಳ ಠೇವಣಿ ಮತ್ತು ಒಂದು ತಿಂಗಳ ಮುಂಗಡ ಬಾಡಿಗೆಗಿಂತ ಹೆಚ್ಚು ಕೇಳುವಂತಿಲ್ಲ. ಮನೆಯನ್ನು ಕಣ್ಣಾರೆ ನೋಡುವ ಮುನ್ನ ಯಾರಿಗೂ ಒಂದು ಯೂರೋವನ್ನೂ ಕಳುಹಿಸಬಾರದು. ಊರಿನಲ್ಲಿ ಕುಳಿತೇ ಮನೆ ಗೊತ್ತುಮಾಡಿಕೊಳ್ಳುವ ಆತುರವೇ ಮೋಸಗಾರರ ಬಂಡವಾಳ.

ಇನ್ನು ದಿನದ ಲೆಕ್ಕಕ್ಕೆ ಬರೋಣ. ಡ್ರೊಹೆಡಾದಲ್ಲಿ ಮನೆ, ಡಬ್ಲಿನ್‌ನ ಸಂತ ಜೇಮ್ಸರ ಆಸ್ಪತ್ರೆಯಲ್ಲಿ ಕೆಲಸ ಎಂದಿಟ್ಟುಕೊಳ್ಳಿ. ಆಸ್ಪತ್ರೆಯ ದೀರ್ಘ ಪಾಳಿ ಬೆಳಿಗ್ಗೆ ಏಳೂವರೆ-ಎಂಟರಿಂದ ರಾತ್ರಿ ಎಂಟು-ಎಂಟೂವರೆಯವರೆಗೆ. ಡ್ರೊಹೆಡಾದಿಂದ ಕಾನಲಿ ನಿಲ್ದಾಣಕ್ಕೆ ಸ್ಥಳೀಯ ರೈಲಿನಲ್ಲಿ ಒಂದು ತಾಸಿಗೆ ಸ್ವಲ್ಪ ಕಡಿಮೆ. ಅಲ್ಲಿಂದ ಆಸ್ಪತ್ರೆಯ ಬಾಗಿಲಿಗೆ ಲೂಆಸ್ ಎಂಬ ಟ್ರಾಮ್. ಮನೆಯಿಂದ ನಿಲ್ದಾಣದ ನಡಿಗೆ, ಕಾಯುವಿಕೆ ಎಲ್ಲ ಸೇರಿದರೆ ಒಂದು ದಿಕ್ಕಿಗೇ ಒಂದೂಮುಕ್ಕಾಲು ತಾಸು. ತಾಯಿ ಮನೆ ಬಿಡುವಾಗ ಮಗು ನಿದ್ರೆಯಲ್ಲಿದೆ, ಮರಳುವಾಗಲೂ ನಿದ್ರೆಯಲ್ಲಿದೆ. ವಾರಕ್ಕೆ ಇಂಥ ದಿನಗಳು ಮೂರೇ ಎಂಬುದು ನಿಜ. ಸರಕಾರಿ ದಾದಿಯರ ವಾರದ ಅವಧಿ 2022ರ ಜುಲೈಯಿಂದ ಮೂವತ್ತೇಳೂವರೆ ತಾಸು. ಮಕ್ಕಳಿಲ್ಲದ ದಂಪತಿ ಅಥವಾ ಬೆಳೆದ ಮಕ್ಕಳಿರುವವರು ಇದನ್ನು ಧಾರಾಳವಾಗಿ ನಿಭಾಯಿಸಬಲ್ಲರು. ಆದರೆ ಆ ಮೂರು ದಿನಗಳಲ್ಲಿ ರವಿವಾರವೂ ಸರದಿಯಂತೆ ಬರುತ್ತದೆ, ರವಿವಾರ ಬೆಳಗಿನ ರೈಲುಗಳು ವಿರಳ, ಹೊರಡುವುದೂ ತಡ. ನ್ಯಾವನ್‌ಗಂತೂ ಪ್ರಯಾಣಿಕರ ರೈಲೇ ಇಲ್ಲ. ಅಲ್ಲಿನವರಿಗೆ ಬಸ್ಸೇ ಗತಿ, ಇಲ್ಲವೇ ಸ್ವಂತ ಕಾರು.

ಕಾರು ಎಂದೆವಲ್ಲ, ಅದರಲ್ಲಿಯೂ ಒಂದು ತೊಡಕಿದೆ. ಭಾರತದ ಚಾಲನಾ ಪರವಾನಗಿಯನ್ನು ಐರ್ಲೆಂಡಿನದಕ್ಕೆ ವಿನಿಮಯ ಮಾಡಿಕೊಡುವ ವ್ಯವಸ್ಥೆಯಿಲ್ಲ. ಹತ್ತಿಪ್ಪತ್ತು ವರ್ಷ ಗಾಡಿ ಓಡಿಸಿದವರೂ ಲಿಖಿತ ಪರೀಕ್ಷೆ, ಕಲಿಯುವವರ ಪರವಾನಗಿ, ನಿಗದಿತ ಪಾಠಗಳು, ಕೊನೆಗೆ ಚಾಲನಾ ಪರೀಕ್ಷೆ ಎಂಬ ಮೆಟ್ಟಿಲುಗಳನ್ನು ಹತ್ತಲೇಬೇಕು. ಪರೀಕ್ಷೆಯ ದಿನಾಂಕಕ್ಕೆ ತಿಂಗಳುಗಟ್ಟಲೆ ಕಾಯಬೇಕಾಗಬಹುದು. ಹೊಸಬರಿಗೆ ವಿಮೆಯೂ ದುಬಾರಿ. ಡ್ರೊಹೆಡಾದ ಎಂ-1 ಮತ್ತು ನ್ಯಾವನ್‌ನ ಎಂ-3 ಹೆದ್ದಾರಿಗಳಲ್ಲಿ ಸುಂಕವೂ ಉಂಟು. ಬಾಡಿಗೆಯಲ್ಲಿ ಉಳಿಸಿದ ನೂರಿನ್ನೂರು ಯೂರೋ ಎಲ್ಲಿ ಸೋರಿಹೋಗುತ್ತದೆಂದು ಕೇಳುವವರಿಗೆ ಉತ್ತರ ಇಲ್ಲಿದೆ. ನಗರದೊಳಗಾದರೋ ಲೀಪ್ ಕಾರ್ಡ್ ಇದ್ದವರು ಎರಡೇ ಯೂರೋ ತೆತ್ತು ತೊಂಬತ್ತು ನಿಮಿಷ ಬಸ್ಸು, ಟ್ರಾಮ್, ರೈಲುಗಳನ್ನು ಬದಲಿಸಿಕೊಂಡು ಸಂಚರಿಸಬಹುದು.

ಮಕ್ಕಳ ವಿಷಯ ಇದಕ್ಕಿಂತ ಸೂಕ್ಷ್ಮವಾದುದು. ಎರಡು ವರ್ಷ ಎಂಟು ತಿಂಗಳು ತುಂಬಿದ ಮಗುವಿಗೆ ಸರಕಾರದ ಉಚಿತ ಬಾಲವಾಡಿ ಯೋಜನೆಯಿದೆ. ಆದರೆ ದಿನಕ್ಕೆ ಮೂರು ತಾಸು ಮಾತ್ರ. ಪ್ರಾಥಮಿಕ ಶಾಲೆಯ ಮೊದಲ ಎರಡು ವರ್ಷದ ಮಕ್ಕಳನ್ನು ಮಧ್ಯಾಹ್ನ ಒಂದೂವರೆಯ ಸುಮಾರಿಗೇ ಮನೆಗೆ ಬಿಡುತ್ತಾರೆ. ತಾಯಿ ಐವತ್ತು ಕಿಲೋಮೀಟರ್ ಆಚೆ ವಾರ್ಡಿನಲ್ಲಿ, ತಂದೆ ಉಗ್ರಾಣದಲ್ಲೋ ವೃದ್ಧಾಶ್ರಮದಲ್ಲೋ ತನ್ನ ಪಾಳಿಯಲ್ಲಿ. ಶಾಲೆಯ ಗೇಟಿನಲ್ಲಿ ಕಾಯುವವರಾರು? ನೆರೆಮನೆಯ ಬಾಯಿಯ ವಶಕ್ಕೆ ಮಗುವನ್ನು ಒಪ್ಪಿಸಿ ಹೊರಡುವ ನಮ್ಮೂರ ಸಲುಗೆ ಅಲ್ಲಿ ಒಂದೆರಡು ವರ್ಷದಲ್ಲಿ ಬೆಳೆಯುವಂಥದಲ್ಲ. ಮಗುವಿಗಾಗಿಯೇ ದಂಪತಿಗಳು ಒಬ್ಬರು ಹಗಲು ಒಬ್ಬರು ರಾತ್ರಿ ಎಂದು ಪಾಳಿ ಹಂಚಿಕೊಳ್ಳುವುದುಂಟು. ಆಗ ಒಂದೇ ಸೂರಿನಡಿಯಲ್ಲಿದ್ದೂ ಪತಿಪತ್ನಿಯರು ಅಡಿಗೆಮನೆಯ ಮೇಜಿನ ಮೇಲೆ ಚೀಟಿ ಬರೆದಿಟ್ಟು ಸಂಸಾರ ನಡೆಸುವಂತಾಗುತ್ತದೆ. ಇಂಥ ಮನೆಯಲ್ಲಿ ಸಂಜೆಯ ಜಪಮಾಲೆಗೆ ಎಲ್ಲರೂ ಒಟ್ಟು ಸೇರುವ ಗಳಿಗೆ ಯಾವುದು? ಪ್ರಯಾಣದ ಮೂರೂವರೆ ತಾಸುಗಳಲ್ಲಿ ಎರಡನ್ನಾದರೂ ಉಳಿಸಬಲ್ಲ ಮನೆಗೆ ಇನ್ನೂರು ಯೂರೋ ಹೆಚ್ಚು ತೆತ್ತರೂ ನಷ್ಟವಿಲ್ಲವೆಂದು ನಾವು ಹೇಳುವುದು ಇದಕ್ಕಾಗಿ.

ಶಾಲೆಯ ಆಯ್ಕೆಯಲ್ಲಿ ನಮ್ಮವರಿಗೊಂದು ಅನುಕೂಲವಿದೆ. ಐರ್ಲೆಂಡಿನ ಪ್ರಾಥಮಿಕ ಶಾಲೆಗಳಲ್ಲಿ ಬಹುಪಾಲು ಇಂದಿಗೂ ಕಥೋಲಿಕ ಸಭೆಯ ಪೋಷಕತ್ವದಲ್ಲಿವೆ. ಹಿಂದೆ ಸ್ಥಳಾಭಾವವಿದ್ದ ಶಾಲೆಗಳು ಜ್ಞಾನಸ್ನಾನದ ಪತ್ರ ತಂದ ಮಕ್ಕಳಿಗೆ ಆದ್ಯತೆ ಕೊಡಬಹುದಾಗಿತ್ತು. 2018ರ ಕಾನೂನು ಅದನ್ನು ಕೊನೆಗೊಳಿಸಿತು. ಆದ್ದರಿಂದ ಆ ಪತ್ರದ ಬಲದಿಂದ ಸೀಟು ಸಿಕ್ಕೀತೆಂಬ ಭರವಸೆಯಲ್ಲಿ ಯಾರೂ ಹೋಗಬಾರದು. ಹೊಸ ಬಡಾವಣೆಗಳು ಬೆಳೆದಿರುವ ಪಟ್ಟಣಗಳಲ್ಲಿ ಶಾಲೆಯ ಸೀಟು, ಅದರಲ್ಲೂ ಪ್ರೌಢಶಾಲೆಯದು, ಸುಲಭವಾಗಿ ಸಿಗುವಂತಿಲ್ಲ. ಬಾಡಿಗೆ ಕರಾರಿಗೆ ಮುನ್ನ ಶಾಲೆಯನ್ನು ವಿಚಾರಿಸುವುದೇ ಕ್ರಮ. ಐರಿಷ್ ಭಾಷೆಯ ಕಲಿಕೆಯೂ ಅಲ್ಲಿನ ಶಾಲೆಗಳಲ್ಲಿ ಕಡ್ಡಾಯ. ಹೊರದೇಶದಲ್ಲಿ ಓದಿ ಹನ್ನೆರಡು ತುಂಬಿದ ಮೇಲೆ ಬಂದವರಿಗೆ ವಿನಾಯಿತಿ ದೊರೆಯುತ್ತದೆ. ಸಾಮಾನ್ಯವಾಗಿ ಎರಡನೆಯ ತರಗತಿಯಲ್ಲಿ ಮೊದಲ ಪರಮಪ್ರಸಾದ, ಆರನೆಯದರಲ್ಲಿ ದೃಢೀಕರಣ. ಈ ಸಿದ್ಧತೆಯ ನಡುವೆ ಮನೆ ಬದಲಿಸಿದರೆ ಮಗು ಒಂದು ಧರ್ಮಕೇಂದ್ರದ ಗೆಳೆಯರನ್ನು ಬಿಟ್ಟು ಇನ್ನೊಂದರಲ್ಲಿ ಅಪರಿಚಿತವಾಗಿ ನಿಲ್ಲಬೇಕಾಗುತ್ತದೆ.

ಐರ್ಲೆಂಡು ಸಂತರ ನಾಡು, ಅಲ್ಲಿ ಶ್ರದ್ಧೆಯ ಚಿಂತೆಯಿಲ್ಲ ಎಂದು ಹಿರಿಯರು ಸಮಾಧಾನ ಹೇಳುವುದುಂಟು. 2016ರಲ್ಲಿ ಜನಸಂಖ್ಯೆಯ ಶೇಕಡಾ 79ರಷ್ಟಿದ್ದ ಕಥೋಲಿಕರು 2022ರ ಗಣತಿಯಲ್ಲಿ ಶೇಕಡಾ 69ಕ್ಕೆ ಇಳಿದಿದ್ದಾರೆ. ಗುರುಗಳ ಕೊರತೆಯಿಂದ ಒಬ್ಬರೇ ಧರ್ಮಗುರು ಎರಡು ಮೂರು ದೇವಾಲಯಗಳನ್ನು ನೋಡಿಕೊಳ್ಳುವುದೂ ಇದೆ. ಶನಿವಾರ ಸಂಜೆಯ ಬಲಿಪೂಜೆ ಎಲ್ಲೆಡೆ ವಾಡಿಕೆಯಲ್ಲಿರುವುದು ಪಾಳಿಯವರಿಗೆ ದೊಡ್ಡ ಆಸರೆ. ರವಿವಾರ ಸಂಜೆಯ ಬಲಿಪೂಜೆ ಬೇಕೆಂದರೆ ನಗರದಲ್ಲಿ ಅವಕಾಶ ಹೆಚ್ಚು. ಕೊಂಕಣಿ ಪೂಜೆ, ಮೊಂತಿ ಹಬ್ಬದ ಹೊಸ ಅಕ್ಕಿಯ ಊಟ ಮುಂತಾದವಕ್ಕೂ ನಮ್ಮವರು ಕೂಡುವುದು ರಾಜಧಾನಿಯ ಆಸುಪಾಸಿನಲ್ಲೇ ಸುಲಭ. ಆದರೆ ಪಟ್ಟಣಗಳ ಪಕ್ಷದಲ್ಲಿಯೂ ಹೇಳುವ ಮಾತಿದೆ. ಸಣ್ಣ ಊರಿನ ಧರ್ಮಕೇಂದ್ರದಲ್ಲಿ ನಾಲ್ಕು ವಾರ ಸತತವಾಗಿ ಕಂಡ ಮುಖವನ್ನು ಐದನೆಯ ವಾರ ಹೆಸರು ಹಿಡಿದು ಮಾತಾಡಿಸುತ್ತಾರೆ. ವಾಚನಕ್ಕೋ ಗಾಯನಕ್ಕೋ ಕರೆಯುತ್ತಾರೆ. ಡ್ರೊಹೆಡಾದ ಸಂತ ಪೇತ್ರರ ದೇವಾಲಯದಲ್ಲಿ, 1681ರಲ್ಲಿ ಲಂಡನಿನ ಟೈಬರ್ನ್‌ನಲ್ಲಿ ಪ್ರಾಣಕೊಟ್ಟ ಆರ್ಮಾದ ಮಹಾಧರ್ಮಾಧ್ಯಕ್ಷ ಸಂತ ಆಲಿವರ್ ಪ್ಲಂಕೆಟ್ಟರ ಶಿರಸ್ಸನ್ನು ಇಂದಿಗೂ ಇರಿಸಲಾಗಿದೆ. ಹಳೆಯ ಗೋವಾದಲ್ಲಿ ಸಂತ ಫ್ರಾನ್ಸಿಸ್ ಝೇವಿಯರರ ಶರೀರದ ದರ್ಶನಕ್ಕೆ ಸಾಲು ನಿಂತ ನಮ್ಮವರಿಗೆ ಆ ದೇವಾಲಯ ಅನ್ಯವೆನಿಸದು. 1979ರಲ್ಲಿ ಪೋಪ್ ಎರಡನೆಯ ಜಾನ್ ಪೌಲರೂ ಆ ಊರಿನ ಬಳಿಗೆ ಬಂದಿದ್ದರು.

ಸುರಕ್ಷತೆಯ ವಿಷಯವನ್ನೂ ಮರೆಮಾಚಬಾರದು. 2025ರ ಜುಲೈಯಲ್ಲಿ ಟಾಲದಲ್ಲಿ ಭಾರತೀಯನೊಬ್ಬನ ಮೇಲೆ ಕ್ರೂರ ಹಲ್ಲೆ ನಡೆಯಿತು. ಬೇರೆ ಕಡೆಗಳಿಂದಲೂ ದೂರುಗಳು ಬಂದು, ನಮ್ಮ ರಾಯಭಾರ ಕಚೇರಿ ಆಗಸ್ಟ್ ಆರಂಭದಲ್ಲಿ ಎಚ್ಚರಿಕೆಯ ಸೂಚನೆ ಹೊರಡಿಸಿತು. ಇದರಿಂದ ನಗರ ಅಪಾಯಕಾರಿ, ಉಪನಗರ ಕ್ಷೇಮ ಎಂಬ ತೀರ್ಮಾನ ಹೊರಡುವುದಿಲ್ಲ; ಟಾಲವೇ ಉಪನಗರ. ಡಿಸೆಂಬರಿನಲ್ಲಿ ಅಲ್ಲಿ ಸಂಜೆ ನಾಲ್ಕು ಗಂಟೆಯ ಹೊತ್ತಿಗೇ ಸೂರ್ಯ ಮುಳುಗುತ್ತಾನೆ. ಪಾಳಿ ಮುಗಿಸಿ ಬರುವವಳು ನಿಲ್ದಾಣದಿಂದ ಮನೆಗೆ ಎಷ್ಟು ದೂರ, ಎಂಥ ಬೀದಿಯಲ್ಲಿ ನಡೆಯಬೇಕೆಂಬುದನ್ನು ಪತಿ ಒಮ್ಮೆ ರಾತ್ರಿಯ ಹೊತ್ತು ತಾನೇ ನಡೆದು ನೋಡಿದರೆ ಒಳ್ಳೆಯದು.

ಹಾಗಾದರೆ ಪಟ್ಟಣವನ್ನು ಕೈಬಿಡಬೇಕೇ? ಖಂಡಿತ ಇಲ್ಲ. ಪಟ್ಟಣದಲ್ಲಿ ಮನೆ, ನಗರದಲ್ಲಿ ಕೆಲಸ ಎಂಬ ಜೋಡಿಯೇ ತೊಂದರೆಯದು. ಪಟ್ಟಣದಲ್ಲೇ ಕೆಲಸವೂ ಇದ್ದರೆ ಅದಕ್ಕಿಂತ ಸುಖವಿಲ್ಲ. ಡ್ರೊಹೆಡಾದಲ್ಲಿ ಮದರ್ ಮೇರಿ ಮಾರ್ಟಿನ್ ಅವರ ವೈದ್ಯಕೀಯ ಧರ್ಮಭಗಿನಿಯರು ಸ್ಥಾಪಿಸಿದ ಲೂರ್ದು ಮಾತೆಯ ಆಸ್ಪತ್ರೆಯಿದೆ. ನ್ಯಾವನ್‌ನಲ್ಲಿಯೂ ನೇಸ್‌ನಲ್ಲಿಯೂ ಸರಕಾರಿ ಆಸ್ಪತ್ರೆಗಳಿವೆ, ಒಳಸುತ್ತಿನ ಟಾಲ ಮತ್ತು ಬ್ಲಾಂಚರ್ಡ್ಸ್‌ಟೌನ್‌ಗಳಲ್ಲಿ ದೊಡ್ಡವೇ ಇವೆ. ಸರಕಾರಿ ದಾದಿಯ ವೇತನಶ್ರೇಣಿ ರಾಜಧಾನಿಗೊಂದು ಪಟ್ಟಣಕ್ಕೊಂದು ಎಂದಿಲ್ಲ, ದೇಶಕ್ಕೆಲ್ಲ ಒಂದೇ. ಸಂಬಳ ಸಮಾನ, ಬಾಡಿಗೆ ಕಡಿಮೆ, ನಡೆದು ಹೋಗುವಷ್ಟು ದೂರದಲ್ಲಿ ವಾರ್ಡು: ಇಷ್ಟಿದ್ದೂ ನಮ್ಮ ಹುಡುಗಿಯರು ಡಬ್ಲಿನ್ ಎಂಬ ಹೆಸರಿಗೇ ಮಾರುಹೋಗುವುದೇಕೆ? ವಿಶೇಷ ತರಬೇತಿ, ಹೃದಯಶಸ್ತ್ರಚಿಕಿತ್ಸೆಯಂಥ ವಿಭಾಗಗಳ ಅನುಭವ ಬೇಕೆಂಬ ಹಂಬಲವಿದ್ದರೆ ರಾಜಧಾನಿಯ ದೊಡ್ಡ ಆಸ್ಪತ್ರೆಗಳೇ ಸರಿ. ಆಗ ಮನೆಯೂ ನಗರದೊಳಗೆ ಅಥವಾ ಒಳಸುತ್ತಿನಲ್ಲಿ, ಒಂದೇ ಬಸ್ಸಿನ ದಾರಿಯಲ್ಲಿರಲಿ. ಮೊದಲ ವರ್ಷ ಚಿಕ್ಕದಾದರೂ ಚಿಂತೆಯಿಲ್ಲ.

ನೇಮಕಾತಿ ಏಜೆನ್ಸಿಯವರು ಮುಂದಿಟ್ಟ ಮೊದಲ ಹೆಸರಿಗೇ ತಲೆಯಾಡಿಸುವುದು ಬೇಡವೆನ್ನುವುದಕ್ಕೆ ಇನ್ನೊಂದು ಕಾರಣವಿದೆ. ಮೊದಲ ಪರವಾನಗಿಯಲ್ಲಿ ಹೋದವರು ಸಾಮಾನ್ಯವಾಗಿ ಒಂಬತ್ತು ತಿಂಗಳ ತನಕ ಉದ್ಯೋಗದಾತನನ್ನು ಬದಲಿಸುವಂತಿಲ್ಲ. ಆಸ್ಪತ್ರೆ ಯಾವುದು, ಪಾಳಿಯ ಹೊತ್ತೇನು, ವಸತಿ ಎಷ್ಟು ವಾರ, ಅಲ್ಲಿಂದ ಶಾಲೆ ಎಷ್ಟು ದೂರ ಎಂಬ ನಾಲ್ಕು ಪ್ರಶ್ನೆಗಳಿಗೆ ಲಿಖಿತ ಉತ್ತರ ಪಡೆದು ಸಹಿ ಮಾಡಲಿ. ಸಾಧ್ಯವಿದ್ದಲ್ಲಿ ಪತ್ನಿ ಮೊದಲು ಹೋಗಿ, ಪತಿ ಮಕ್ಕಳು ಆಗಸ್ಟ್ ಕೊನೆಯಲ್ಲಿ ಶಾಲೆ ಆರಂಭವಾಗುವ ಮೊದಲು ಸೇರಿಕೊಳ್ಳುವಂತೆ ಏರ್ಪಾಡು ಮಾಡಬಹುದು. ಸ್ವಂತ ಮನೆಯ ಯೋಚನೆಗೆ ಮುಂದೆ ಕಾಲವಿದೆ; ಮೊದಲ ಮನೆ ಕೊಳ್ಳುವವರಿಗೆ ಬ್ಯಾಂಕು ವಾರ್ಷಿಕ ಆದಾಯದ ನಾಲ್ಕು ಪಟ್ಟಿನವರೆಗೆ ಸಾಲ ಕೊಡುವ ನಿಯಮ 2023ರಿಂದ ಜಾರಿಯಲ್ಲಿದೆ. ಆ ಹೊತ್ತಿಗೆ ಚಾಲನಾ ಪರವಾನಗಿಯೂ ಕೈಯಲ್ಲಿರುತ್ತದೆ, ಯಾವ ಪಟ್ಟಣದ ಗಾಳಿ ತಮಗೆ ಒಗ್ಗುತ್ತದೆಂಬುದೂ ತಿಳಿದಿರುತ್ತದೆ.

ಹೊರಡುವವರು ಪೆಟ್ಟಿಗೆ ಕಟ್ಟುವ ಮುನ್ನ ತಮ್ಮ ಧರ್ಮಕೇಂದ್ರದ ಕಚೇರಿಗೆ ಹೋಗಿ ಮಕ್ಕಳ ಜ್ಞಾನಸ್ನಾನದ ಪತ್ರ, ತಮ್ಮ ವಿವಾಹದ ಪತ್ರಗಳ ಹೊಸ ಪ್ರತಿಗಳನ್ನು ಇಂಗ್ಲಿಷಿನಲ್ಲಿ ಮೊಹರು ಸಹಿತ ಪಡೆದುಕೊಳ್ಳಲಿ. ಶಾಲೆಯ ಸೀಟಿಗೆ ಅವು ನೆರವಾಗದಿದ್ದರೂ ಮೊದಲ ಪರಮಪ್ರಸಾದದ ವರ್ಷ ಅಲ್ಲಿನ ಗುರುಗಳು ಕೇಳುವುದು ಅವನ್ನೇ.