ಕಣ್ರೆಪ್ಪೆಯ ಬಣ್ಣವೂ ಮೈಬಣ್ಣವೂ

ಹೋದ ವೈಶಾಖದಲ್ಲಿ ಯಳವತ್ತಿಯ ನಮ್ಮ ಆಪ್ತರ ಮನೆಯಲ್ಲಿ ಮದುವೆಯಿತ್ತು. ಮದುಮಗಳು ಸಾದಗಪ್ಪು ಬಣ್ಣದವಳು. ಮಳೆ ಹೊಯ್ದು ಹೊಳಪಾದ ಎರೆಯ ಹೊಲದಂಥ ನುಣುಪು ಮೈ. ಅಕ್ಷತೆಗೆ ಇನ್ನೂ ಎರಡು ತಾಸು ಇರುವಾಗ, ಶೃಂಗಾರ ಮಾಡಲು ಬಂದ ಹೆಣ್ಣುಮಗಳೊಬ್ಬಳು ಅವಳನ್ನು ಕೋಣೆಯಲ್ಲಿ ಕೂಡ್ರಿಸಿಕೊಂಡು ಮುಖಕ್ಕೆ ಬಿಳುಪಾದ ಲೇಪವನ್ನೂ ರೆಪ್ಪೆಗಳಿಗೆ ತಿಳಿಗುಲಾಬಿಯ ಪುಡಿಯನ್ನೂ ಹಚ್ಚಿದಳು. ಬಾಗಿಲಲ್ಲಿ ಬಂದು ನಿಂತ ಅಜ್ಜಿ, “ಯವ್ವಾ, ಇದು ಯಾರ ಮಾರಿ? ಬೂದಿ ಬಡದಾಂಗ ಕಾಣತೈತಲ್ಲ!” ಎಂದುಬಿಟ್ಟರು. ಹುಡುಗಿಯ ಕಣ್ಣು ತುಂಬಿ ಬಂದವು. “ಬಿಡ ಆಯಿ, ನನ್ನ ಬಣ್ಣಕ್ಕ ಯಾವದೂ ಒಪ್ಪಂಗಿಲ್ಲ” ಎಂದಳು.

ಆ ಮಾತು ನಿಜವಲ್ಲ. ಕಣ್ರೆಪ್ಪೆಗೆ ಹಚ್ಚುವ ಹೊಳಪಿನ ಪುಡಿಗಳ ಮಟ್ಟಿಗಂತೂ ಅದು ತೀರ ತಲೆಕೆಳಗಾದ ಮಾತು. ಅದು ಹೇಗೆಂಬುದನ್ನು ತಿಳಿಯಬೇಕಾದರೆ ಪುಡಿಯೊಳಗೆ ಏನಿರುವದೆಂಬುದನ್ನು ಮೊದಲು ನೋಡಬೇಕು.

ಪೇಟೆಯಲ್ಲಿ ಐಶ್ಯಾಡೋ ಪಿಗ್ಮೆಂಟ್ ಎಂದು ಸಣ್ಣ ಡಬ್ಬಿಗಳಲ್ಲಿ ಮಾರುವ ಬಿಡಿಪುಡಿಗಳಲ್ಲಿ ಮುಖ್ಯವಾಗಿ ಎರಡು ಜಾತಿ. ಹೊಳಪಿಲ್ಲದ ಪುಡಿಗೆ ಬಹುಮಟ್ಟಿಗೆ ಕಬ್ಬಿಣದ ಆಕ್ಸೈಡುಗಳೇ ಬಣ್ಣ ಕೊಡುವವು. ಕೆಂಪು, ಹಳದಿ, ಕಪ್ಪು ಈ ಮೂರನ್ನು ಬೆರೆಸಿ ಕಂದಿನ ನೂರಾರು ಛಾಯೆಗಳನ್ನು ಮಾಡುವರು. ನಮ್ಮ ಕಪ್ಪತಗುಡ್ಡದ ಮಣ್ಣಿಗೆ ಕೆಂಪು ಬಂದದ್ದೂ ಕಬ್ಬಿಣದಿಂದಲೇ. ಹಾಗೆಂದು ಗುಡ್ಡದ ಕೆಮ್ಮಣ್ಣನ್ನು ಅರೆದು ಯಾರೂ ಕಣ್ಣಿಗೆ ಹಚ್ಚಬಾರದು. ನೆಲದ ಮಣ್ಣಿನಲ್ಲಿ ಸೀಸ, ಪಾಷಾಣಗಳು ಸೇರಿರಬಹುದಾದ್ದರಿಂದಲೇ ಶೃಂಗಾರದ ಸಾಮಗ್ರಿಗೆ ಬೇಕಾದ ಆಕ್ಸೈಡನ್ನು ಕಾರಖಾನೆಯಲ್ಲಿ ಶುದ್ಧವಾಗಿ ತಯಾರಿಸುವರು. ಈ ಪುಡಿಗಳಲ್ಲಿ ತಿಳಿಗುಲಾಬಿ, ತಿಳಿನೀಲಿ ಮುಂತಾದ ತಿಳಿಬಣ್ಣವೆಂದರೆ ಬಣ್ಣಕ್ಕೆ ಟೈಟೇನಿಯಮ್ಮಿನ ಬಿಳಿ ಬೆರೆಸಿದ್ದು. ಆ ಬಿಳಿ ಕಪ್ಪು ತೊಗಲಿನ ಮೇಲೆ ವಿಭೂತಿಯಂತೆ ಎದ್ದು ಕೂಡುವದು. ಅಜ್ಜಿಯ ಕಣ್ಣಿಗೆ ಬೂದಿಯಾಗಿ ಕಂಡದ್ದು ಇದೇ.

ಎರಡನೆಯ ಜಾತಿ ಹೊಳಪಿನದು. ಇದರ ಮೂಲ ಅಭ್ರಕ, ನಮ್ಮ ಜನರು ಕಾಗೆಬಂಗಾರವೆನ್ನುವ ವಸ್ತು. ಅದರ ಅತಿ ಸಣ್ಣ ಹಾಳೆಗಳಿಗೆ ಟೈಟೇನಿಯಮ್ಮಿನ ಅಥವಾ ಕಬ್ಬಿಣದ ಆಕ್ಸೈಡಿನ ತೆಳುಪದರ ಕೊಟ್ಟಿರುವರು. ಕಬ್ಬಿಣದ ಪದರವಿದ್ದರೆ ಕಂಚು, ತಾಮ್ರದ ಬಣ್ಣ ಬರುವದು. ಟೈಟೇನಿಯಮ್ಮಿನದಾದರೆ ಪದರದ ದಪ್ಪವೇ ಬಣ್ಣವನ್ನು ನಿರ್ಣಯಿಸುವದು. ಮಳೆಯ ನೀರಿನ ಮೇಲೆ ಎಣ್ಣೆಯ ಹನಿ ಹರಡಿದಾಗ ಕಾಮನಬಿಲ್ಲು ಮೂಡುವ ರೀತಿಯದೇ ಇದು. ಇಂಥ ಪುಡಿ ಡಬ್ಬಿಯಲ್ಲಿ ಬರಿ ಬೆಳ್ಳಗೆ ಕಾಣುವದು. ಬೆಳಕು ಬಿದ್ದಾಗ ಒಂದು ಬಣ್ಣವನ್ನು ಹಿಂದಕ್ಕೆ ಚಿಮ್ಮಿಸಿ ಉಳಿದದ್ದನ್ನು ಒಳಗೆ ಬಿಡುವದು. ಕೆಳಗೆ ಬಿಳಿ ತೊಗಲಿದ್ದರೆ ಆ ಉಳಿದ ಬೆಳಕೂ ಮರಳಿ ಬಂದು ಮೊದಲಿನ ಬಣ್ಣವನ್ನು ಕಲಸಿಬಿಡುವದು. ಕಪ್ಪು ತೊಗಲಾದರೆ ಅದನ್ನು ನುಂಗಿಕೊಂಡು, ಮೇಲಿನ ನೀಲಿಯನ್ನೋ ಹೊನ್ನನ್ನೋ ನಿಚ್ಚಳವಾಗಿ ಬೆಳಗಗೊಡುವದು.

ಓದುಗರು ಮನೆಯಲ್ಲಿಯೇ ಪರೀಕ್ಷಿಸಬಹುದು. ಒಂದು ಚಿಟಿಕೆ ಪುಡಿಯನ್ನು ಬಿಳಿ ಕಾಗದದ ಮೇಲೂ ಇನ್ನೊಂದು ಚಿಟಿಕೆಯನ್ನು ಮಕ್ಕಳ ಪಾಟಿಯ ಮೇಲೂ ತಿಕ್ಕಿ ನೋಡಿರಿ. ಕಾಗದದ ಮೇಲೆ ಇದೆಯೋ ಇಲ್ಲವೋ ಎಂಬಂತಿದ್ದ ಬಣ್ಣ ಪಾಟಿಯ ಮೇಲೆ ನವಿಲುಗರಿಯಂತೆ ಏಳುವದು. ಇಷ್ಟಿದ್ದೂ ಕಪ್ಪು ಹುಡುಗಿಗೆ ಹೊಳಪು ಒಪ್ಪದೆಂದು ಹೇಳುತ್ತ ಬಂದಿದ್ದೇವಲ್ಲ!

ಎರೆಗೆ ಕಡಲೆ, ಮಸಾರಿಗೆ ಶೇಂಗಾ ಎಂದು ನೆಲ ನೋಡಿ ಬಿತ್ತುವವರಿಗೆ ಈ ವಿವೇಕವನ್ನು ಹೊಸದಾಗಿ ಕಲಿಸಬೇಕಾದ್ದಿಲ್ಲ. ಕೆಂಪು ಮೈಯವರಿಗೆ ತೆಳುವಾದ ಕಂದು, ಮಾಸಲು ಗುಲಾಬಿ ಸಾಕು. ಅವರು ನೇರಳೆಯನ್ನು ಗಾಢವಾಗಿ ಬಳಿದುಕೊಂಡರೆ ರೆಪ್ಪೆಗೆ ಪೆಟ್ಟು ಬಿದ್ದು ಕಂದಿದಂತೆ ಕಾಣುವದು. ಗೋಧಿಯ ಬಣ್ಣದವರಿಗೂ ಎಣ್ಣೆಗೆಂಪಿನವರಿಗೂ ಕಂಚು, ಹಳೆಯ ಹೊನ್ನು, ಇಟ್ಟಂಗಿಯ ಕೆಂಪು ಒಪ್ಪುವವು. ಸಾದಗಪ್ಪಿನವರೂ ಅದಕ್ಕಿಂತ ಕಪ್ಪಿನವರೂ ತಾಮ್ರ, ಹೊನ್ನು, ನವಿಲು ನೀಲಿ, ಕಡುನೇರಳೆ ಇವನ್ನು ಧೈರ್ಯವಾಗಿ ಹಚ್ಚಿಕೊಳ್ಳಬಹುದು. ಬಿಳಿ ಬೆರೆತ ಮಂಕು ಪುಡಿಯೊಂದನ್ನು ಬಿಟ್ಟರಾಯಿತು. ವಯಸ್ಸಾದವರ ರೆಪ್ಪೆಯ ನೆರಿಗೆಗಳನ್ನು ಹೊಳಪು ಎತ್ತಿ ತೋರಿಸುವದರಿಂದ ಅವರಿಗೆ ಹೊಳಪಿಲ್ಲದ್ದೇ ಲೇಸು. ಮುಖದ ಪಕ್ಕಕ್ಕೆ ಬಂಗಾರದ ಒಡವೆ ಹಿಡಿದರೆ ಕಳೆಯೇರುವದೋ ಬೆಳ್ಳಿಯದು ಹಿಡಿದರೆ ಏರುವದೋ ನೋಡಿದರೆ, ಹಳದಿಯ ಕಡೆಗೆ ವಾಲುವ ಬಣ್ಣ ಬೇಕೋ ನೀಲಿಯ ಕಡೆಗೆ ವಾಲುವದು ಬೇಕೋ ಎಂಬುದೂ ತಿಳಿಯುವದು.

ಆರಿಸುವಾಗಿನ ಬೆಳಕು ಬಹಳ ಮುಖ್ಯ. ಇಳಕಲ್ಲ ಸೀರೆಯನ್ನು ಅಂಗಡಿಯ ಬಾಗಿಲಿಗೆ ತಂದು ಬಿಸಿಲಿಗೆ ಹಿಡಿದು ನೋಡದೆ ನಮ್ಮ ಹೆಣ್ಣುಮಕ್ಕಳು ಕೊಳ್ಳುವದಿಲ್ಲ. ಪುಡಿಯನ್ನೂ ಹಾಗೆಯೇ ನೋಡಬೇಕು. ಹಳದಿ ದೀಪದ ಕೆಳಗೆ ನೀಲಿ ಕಂದಿ ಕಪ್ಪಾಗುವದು, ತಾಮ್ರ ಮತ್ತಷ್ಟು ಉರಿಯುವದು. ಶಿರಹಟ್ಟಿ ವೆಂಕೋಬರಾಯರು, ಗರುಡ ಸದಾಶಿವರಾಯರು ಇಂಥವರ ನಾಟಕ ಮಂಡಳಿಗಳನ್ನು ಕಂಡ ಸೀಮೆ ನಮ್ಮದು. ರಾತ್ರಿಯ ದೀಪದಲ್ಲಿ, ಹಿಂದಿನ ಸಾಲಿನವರಿಗೂ ಮುಖ ಕಾಣಬೇಕೆಂದು ರಂಗದ ಮೇಲೆ ಬಣ್ಣವನ್ನು ದಪ್ಪವಾಗಿ ಬಳಿಯುವದು ಯೋಗ್ಯವೇ. ಅದನ್ನೇ ಹಗಲಿನ ಹಂದರದಲ್ಲಿ, ಎರಡು ಮೊಳ ದೂರದಲ್ಲಿ ಕೂತ ಬೀಗರೆದುರು ಮಾಡಿದರೆ ನಗೆಗೀಡಾಗುವದು.

ರಂಗದ ಬಣ್ಣದ ಮಾತು ಬಂದದ್ದರಿಂದ ಎಚ್ಚರಿಕೆಯ ಎರಡು ಮಾತು ಹೇಳಲೇಬೇಕು. ಹಿಂದಿನ ಆಟಗಳ ಬಣ್ಣದ ಪೆಟ್ಟಿಗೆಯಲ್ಲಿದ್ದ ಅರದಾಳ ಪಾಷಾಣ-ಗಂಧಕಗಳ ಕೂಟ, ಇಂಗಳೀಕ ಪಾದರಸ-ಗಂಧಕಗಳದು. ಕೆಲವು ಸುರುಮೆಗಳು ಸೀಸದ ಅದಿರನ್ನೇ ಅರೆದು ಮಾಡಿದವು. ಸೀಸ ಸ್ವಲ್ಪಸ್ವಲ್ಪವಾಗಿ ದೇಹದಲ್ಲಿ ಕೂಡುತ್ತ ಹೋಗುವದು. ಎಳೆಯ ಮಕ್ಕಳ ಮಿದುಳಿಗೆ ಅದು ದೊಡ್ಡ ಕೇಡು. ಭಾರತ ಸರಕಾರದ 2020ರ ಸೌಂದರ್ಯವರ್ಧಕಗಳ ನಿಯಮಗಳು, ಬಣ್ಣಕ್ಕಾಗಿ ಸೀಸ ಅಥವಾ ಪಾಷಾಣದ ಸಂಯುಕ್ತಗಳನ್ನು ಹಾಕುವದನ್ನು ನಿಷೇಧಿಸಿವೆ. ಕಣ್ಣಿನ ಸಾಮಗ್ರಿಯಲ್ಲಿ ಪಾದರಸ ದಶಲಕ್ಷಕ್ಕೆ 70 ಭಾಗ ಮೀರಬಾರದೆಂದು ಗೊತ್ತುಮಾಡಿವೆ. ಆದುದರಿಂದ ತಯಾರಕರ ಹೆಸರು, ಪರವಾನಗಿಯ ಸಂಖ್ಯೆ, ಅವಧಿಯ ತಿಂಗಳು ಇವಿಲ್ಲದ ಜಾತ್ರೆಯ ಪೊಟ್ಟಣವನ್ನು ಕಣ್ಣಿಗೆ ತರತಕ್ಕದ್ದಲ್ಲ. ಕುಂಕುಮ, ಭಂಡಾರ, ಓಕುಳಿಯ ಬಣ್ಣ, ರಂಗೋಲಿಯ ಪುಡಿ ಇವು ತಮ್ಮತಮ್ಮ ಸ್ಥಾನದಲ್ಲಿರಲಿ. ಕಾಗದದ ಕೆಲಸಕ್ಕೆ ಮಾರುವ ಮಿನುಗುಚೂರಂತೂ ಅಂಚು ಹರಿತವಾಗಿದ್ದು ಕಣ್ಣಿನ ಪಾಪೆಯನ್ನು ಗೀರುವದು.

ಹಚ್ಚುವ ಕ್ರಮ ಕಠಿಣವಲ್ಲ, ಸಾವಧಾನ ಮಾತ್ರ ಬೇಕು. ಮೊದಲು ಬೀಸಣಿಕೆ ನಿಲ್ಲಿಸಿರಿ. ರೆಪ್ಪೆಯನ್ನು ತೊಳೆದು ಚೆನ್ನಾಗಿ ಒರೆಸಿರಿ. ಕೊಬ್ಬರಿಯೆಣ್ಣೆಯ ಪಸೆ ಇದ್ದರೆ ಬಣ್ಣವೆಲ್ಲ ಜಾರಿ ನೆರಿಗೆಯಲ್ಲಿ ಗೆರೆಗಟ್ಟುವದು. ರೆಪ್ಪೆಗೆಂದೇ ಮಾರುವ ಅಂಟುಲೇಪವನ್ನು ತೆಳುವಾಗಿ ಸವರಿರಿ. ಡಬ್ಬಿಯ ಮುಚ್ಚಳಕ್ಕೆ ಕಡಲೆಕಾಳಿಗಿಂತ ಕಡಿಮೆ ಪುಡಿ ಸುರುವಿಕೊಂಡು, ಚಪ್ಪಟೆ ಕುಂಚದಿಂದ ಎತ್ತಿ, ಒಮ್ಮೆ ಕೊಡವಿ, ಮುಚ್ಚಿದ ರೆಪ್ಪೆಯ ನಡುವೆ ಒತ್ತಿರಿ. ಉಜ್ಜಬಾರದು, ಉಜ್ಜಿದರೆ ಅರ್ಧ ಪುಡಿ ಗಲ್ಲಕ್ಕೆ ಉದುರುವದು. ಬಣ್ಣ ಗಾಢವಾಗಬೇಕಾದರೆ ಕುಂಚಕ್ಕೆ ಒಂದು ಹನಿ ಶುದ್ಧ ನೀರು ಸಾಕು, ಎಂಜಲು ಮಾತ್ರ ಬೇಡ. ಎವೆಗೂದಲಿನ ಒಳಗಿನ ಅಂಚಿಗೆ ಪುಡಿ ತಾಗದಿರಲಿ. ಕಣ್ಣಿನ ಕೆಲಸ ಮುಗಿದ ಮೇಲೆಯೇ ಮುಖದ ಲೇಪಕ್ಕೆ ಕೈಹಾಕಿದರೆ ಉದುರಿದ್ದನ್ನು ಒರೆಸುವದು ಸುಲಭ.

ಯಳವತ್ತಿಯಲ್ಲಿ ಅಂದು ನಡೆದದ್ದೂ ಇಷ್ಟೇ. ಅಜ್ಜಿ ಮೊಮ್ಮಗಳನ್ನು ಹಿತ್ತಲಿಗೆ ಕರೆದೊಯ್ದು ಮುಖ ತೊಳೆಸಿದರು. ಬಂದವಳ ಪೆಟ್ಟಿಗೆಯಲ್ಲಿಯೇ ತಾಮ್ರದ ಪುಡಿಯ ಡಬ್ಬಿಯೊಂದು ತೆರೆಯದೆ ಉಳಿದಿತ್ತು. ನಾನು ಕೇಳಿಕೊಂಡ ಮೇಲೆ ಅವಳು ಅದನ್ನು ರೆಪ್ಪೆಯ ನಡುವೆ ಬೆರಳಗಲ ಒತ್ತಿ, ಸುತ್ತ ಕಂದು ಬಣ್ಣ ತೀಡಿ, ಕಾಡಿಗೆಯ ಗೆರೆಯೆಳೆದಳು. ಬಿಳಿ ಲೇಪ ಮತ್ತೆ ಹಚ್ಚಲಿಲ್ಲ. ಕನ್ನಡಿ ಕೊಟ್ಟಾಗ ಹುಡುಗಿ ಏನೂ ಅನ್ನಲಿಲ್ಲ; ಆದರೆ ಕನ್ನಡಿಯನ್ನು ಬೇಗ ಮರಳಿ ಕೊಡಲೂ ಇಲ್ಲ. ಅಜ್ಜಿ ಮಾತ್ರ, “ಈಗ ನಮ್ಮ ಹುಡುಗಿ ಕಂಡಳು ನೋಡ್ರಿ” ಎಂದರು.

ರಾತ್ರಿ ಮಲಗುವ ಮೊದಲು ಅರಳೆಗೆ ಎಣ್ಣೆ ಹಚ್ಚಿ ರೆಪ್ಪೆಯನ್ನು ಒರೆಸಿ ತೊಳೆಯಬೇಕು. ಒಬ್ಬರ ಕುಂಚವನ್ನು ಇನ್ನೊಬ್ಬರು ಬಳಸಕೂಡದು. ಕಣ್ಣು ಬೇನೆ ಬಂದಾಗ ಹಚ್ಚಿದ ಪುಡಿ ಎಷ್ಟೇ ಬೆಲೆಯದಾದರೂ ಚೆಲ್ಲತಕ್ಕದ್ದು. ಉರಿ ಅಥವಾ ಬಾವು ಕಂಡರೆ ತಣ್ಣೀರಿನಿಂದ ತೊಳೆದು ಅದೇ ದಿನ ಕಣ್ಣಿನ ವೈದ್ಯರಿಗೆ ತೋರಿಸಬೇಕು.