ಸುಡುಬಿಸಿಲು ಮತ್ತು ಕೂಲಿಕಾರರ ಹಕ್ಕು

ಊಟಿ, ವಯನಾಡಿನ ದಾರಿಯಲ್ಲಿರುವ ಗುಂಡ್ಲುಪೇಟೆಯನ್ನು ಹಲವರು ತಂಪಿನ ಊರೆಂದೇ ತಿಳಿದಿದ್ದಾರೆ. ಆದರೆ ಈ ತಾಲ್ಲೂಕು ಇರುವುದು ಘಟ್ಟದ ಮಳೆನೆರಳಿನಲ್ಲಿ. ಜಗತ್ತಿನ ತಾಪಮಾನ ಏರುತ್ತಿದೆ. ದಾಖಲೆಗಳ ಪ್ರಕಾರ 2024 ಈವರೆಗಿನ ಅತ್ಯಂತ ಬಿಸಿಯಾದ ವರ್ಷ. ಅದರ ಬಿಸಿ ಮೊದಲು ತಟ್ಟುವುದು ಹೊಲದಲ್ಲಿ ದುಡಿಯುವವರಿಗೆ.

ಚಾಮರಾಜನಗರ ಭಾಗದಲ್ಲಿ ಬಿಸಿಲೇರುವ ಹೊತ್ತಿಗೇ ಅರಿಶಿನ ಕೀಳುವ, ಬೇಯಿಸುವ ಕೆಲಸವಿರುತ್ತದೆ. ಮೇಲೆ ಸೂರ್ಯ, ಪಕ್ಕದಲ್ಲಿ ಒಲೆ. ಬಾಳೆಗೊನೆ ಹೊರುವವರದೂ ಇದೇ ಕಷ್ಟ. ದೇಹ ಬೆವರಿನಿಂದ ತಣ್ಣಗಾಗುತ್ತದೆ. ಬೆವರಿದಷ್ಟು ನೀರು ಕುಡಿಯದಿದ್ದರೆ ತಲೆನೋವು, ಸ್ನಾಯು ಸೆಳೆತ, ತಲೆಸುತ್ತು ಬರುತ್ತವೆ. ದೇಹದ ತಾಪ 40 ಡಿಗ್ರಿ ಸೆಲ್ಸಿಯಸ್ ದಾಟಿ, ಮಾತು ತೊದಲಿ ಪ್ರಜ್ಞೆ ತಪ್ಪಿದರೆ ಅದು ಪ್ರಾಣಾಂತಿಕ. ವರ್ಷಗಟ್ಟಲೆ ಹೀಗೆ ದುಡಿದರೆ ಮೂತ್ರಪಿಂಡ ಕೆಡುವ ಅಪಾಯವೂ ಇದೆ. ಹೊಲದಲ್ಲಿ ಶೌಚಾಲಯವಿಲ್ಲವೆಂದು ಹೆಣ್ಣುಮಕ್ಕಳು ನೀರನ್ನೇ ಕುಡಿಯದಿರುವುದು ಇನ್ನೂ ಕೆಟ್ಟದ್ದು. ಅತಿ ಬಿಸಿಲಿನಿಂದಾದ ಅವಘಡಗಳಲ್ಲಿ ವರ್ಷಕ್ಕೆ ಸುಮಾರು 19 ಸಾವಿರ ಕಾರ್ಮಿಕರು ಸಾಯುತ್ತಾರೆಂದು ಅಂತಾರಾಷ್ಟ್ರೀಯ ಕಾರ್ಮಿಕ ಸಂಸ್ಥೆ 2024ರಲ್ಲಿ ಅಂದಾಜಿಸಿದೆ.

ದಿನಗೂಲಿಯವರು ತಾವಾಗಿ ಕೆಲಸ ನಿಲ್ಲಿಸಲಾರರು. ನಿಲ್ಲಿಸಿದರೆ ಅಂದಿನ ಕೂಲಿ ಹೋಗುತ್ತದೆ. ಆದ್ದರಿಂದ ಹೊಣೆ ಇರುವುದು ಜಮೀನಿನ ಯಜಮಾನರ ಮೇಲೆ, ಆಳು ಕರೆತರುವ ಮೇಸ್ತ್ರಿಗಳ ಮೇಲೆ. ಬಿಸಿಲು ತೀವ್ರವಾದಾಗ ಝುಹರ್ ನಮಾಝನ್ನು ತುಸು ತಂಪಾಗುವವರೆಗೆ ಮುಂದೂಡಲು ಪ್ರವಾದಿ(ಸ) ಕಲಿಸಿದರು. ನಮಾಝಿಗೇ ಈ ರಿಯಾಯಿತಿ ಇರುವಾಗ ಅರಿಶಿನದ ಕೆಲಸಕ್ಕೆ ಇರಬಾರದೇ? ಕಲಬುರಗಿ ವಿಭಾಗದಲ್ಲಿ ಬೇಸಿಗೆಗೆ ಸರ್ಕಾರಿ ಕಚೇರಿಗಳ ವೇಳೆಯನ್ನೇ ಬೆಳಿಗ್ಗೆ 8ರಿಂದ ಮಧ್ಯಾಹ್ನ 1.30ಕ್ಕೆ ಬದಲಿಸುತ್ತಾರೆ. ಫ್ಯಾನಿನ ಕೆಳಗೆ ಕೂರುವವರಿಗೆ ಸಿಗುವ ಅನುಕೂಲ ಬಯಲಲ್ಲಿ ಬಾಗಿ ದುಡಿಯುವವರಿಗೂ ಸಿಗಬೇಕು.

ಮಾಡಬೇಕಾದದ್ದು ಇಷ್ಟು: ನಸುಕಿನಲ್ಲೇ ಕೆಲಸ ಶುರು ಮಾಡಿ, 12ರಿಂದ 3ರವರೆಗೆ ನಿಲ್ಲಿಸಿ. ಕೂಲಿ ಕಡಿತಗೊಳಿಸಬೇಡಿ. ನೆರಳು, ನೀರು ಒದಗಿಸಿ. 20 ನಿಮಿಷಕ್ಕೊಮ್ಮೆ ಒಂದು ಲೋಟ ನೀರು ಕುಡಿಯಲು ಬಿಡಿ. ಓಆರ್‌ಎಸ್ ಪೊಟ್ಟಣ ಇಟ್ಟುಕೊಳ್ಳಿ. ಇಲ್ಲದಿದ್ದರೆ ಒಂದು ಲೀಟರ್ ಶುದ್ಧ ನೀರಿಗೆ ಮಟ್ಟಸವಾಗಿ ಆರು ಟೀ ಚಮಚ ಸಕ್ಕರೆ, ಅರ್ಧ ಟೀ ಚಮಚ ಉಪ್ಪು ಬೆರೆಸಿ. ಬೆವರಿದ ಚರ್ಮ ವಿಷವನ್ನು ಬೇಗ ಹೀರುವುದರಿಂದ ಮಧ್ಯಾಹ್ನ ಔಷಧಿ ಸಿಂಪಡಿಸಬೇಡಿ. ಕುಸಿದವರನ್ನು ನೆರಳಿಗೆ ತಂದು, ಮೈಗೆ ನೀರು ಸುರಿದು, ಗಾಳಿ ಬೀಸಿ 108ಕ್ಕೆ ಕರೆ ಮಾಡಿ. ಪ್ರಜ್ಞೆ ಇಲ್ಲದವರ ಬಾಯಿಗೆ ನೀರು ಹಾಕಬೇಡಿ. ಏಪ್ರಿಲ್, ಮೇ ತಿಂಗಳ ಸಂಜೆ ಗುಡುಗು ಕೇಳಿದೊಡನೆ ಹೊಲ ಬಿಟ್ಟು ಪಕ್ಕಾ ಕಟ್ಟಡ ಸೇರಿ, ಮರದಡಿ ನಿಲ್ಲಬೇಡಿ.

ಉಪವಾಸವಿದ್ದು ದುಡಿಯುವವರು ಪ್ರಾಣಕ್ಕೆ ಅಪಾಯವೆನಿಸಿದರೆ ಉಪವಾಸ ಬಿಟ್ಟು ಮುಂದೆ ಪೂರೈಸಲು ಶರೀಅತ್ತಿನಲ್ಲಿ ಅವಕಾಶವಿದೆ.

ಬೆವರು ಆರುವ ಮೊದಲೇ ಕೂಲಿ ಕೊಡಬೇಕೆಂಬ ಪ್ರವಾದಿ ವಚನ ನಮಗೆಲ್ಲ ಗೊತ್ತು. ಆ ಬೆವರು ಹರಿಯುವಾಗ ಒಂದು ಚೊಂಬು ನೀರು, ಒಂದಿಷ್ಟು ನೆರಳು ಕೊಡುವುದೂ ಆ ಹಕ್ಕಿನ ಭಾಗವೇ.