ಕೇತಮಾರನಹಳ್ಳಿಯ ನೆಲ ಕಾದಿದ್ದೇಕೆ?

ಏಪ್ರಿಲ್ ತಿಂಗಳ ಒಂದು ಮಧ್ಯಾಹ್ನ. ರಾಜಾಜಿನಗರದ ಕೇತಮಾರನಹಳ್ಳಿಯಲ್ಲಿ ಸೊಪ್ಪು ಮಾರುವ ಅಮ್ಮ ಒಬ್ಬರು ಗೋಣಿಚೀಲ ಹಾಸುವ ಮುಂಚೆ ಟಾರಿನ ಮೇಲೆ ಒಂದು ಚೊಂಬು ನೀರು ಚಿಮುಕಿಸಿದರು. ನೋಡನೋಡುತ್ತಲೇ ಅದು ಅಂಚಿನಿಂದ ಆರುತ್ತ ಬಂತು. “ನೆಲ ಕಾದ ಹಂಚಾಗೈತೆ ಸಾರ್. ಭೂಮಿನೇ ಬಿಸಿ ಆಗೋಗೈತಂತಲ್ಲ, ನಾವೇನ್ ಮಾಡಕ್ಕಾಯ್ತದೆ” ಎಂದರು. ಹತ್ತು ಹೆಜ್ಜೆ ಆಚೆ ಹೊಂಗೆ ಮರದ ಬುಡದಲ್ಲಿ ಒಂದಿಷ್ಟು ಮಣ್ಣು ಉಳಿದಿತ್ತು. ಅಂಗೈ ಇಟ್ಟು ನೋಡಿದೆ, ತಣ್ಣಗಿತ್ತು. ಅದೇ ಬೀದಿ, ಅದೇ ಬಿಸಿಲು.

ಆ ಹತ್ತು ಹೆಜ್ಜೆಯ ಅಂತರವನ್ನು ಇಡೀ ನಗರದ ಮಟ್ಟಿಗೆ ಅಳೆದವರು ಡಾ. ಟಿ.ವಿ. ರಾಮಚಂದ್ರ. ರಾಜಾಜಿನಗರದ ಪಕ್ಕದಲ್ಲೇ, ಹಳಬರು ಇವತ್ತಿಗೂ ಟಾಟಾ ಇನ್‌ಸ್ಟಿಟ್ಯೂಟ್ ಎನ್ನುವ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ಅವರ ಸಂಶೋಧನಾ ತಂಡವಿದೆ. ನೆಲದ ಬಳಕೆ ಬದಲಾದರೆ ನೀರು, ಹಸಿರು, ಹವೆ ಏನಾಗುತ್ತವೆ ಎಂಬುದೇ ಅವರ ದೀರ್ಘಕಾಲದ ಅಧ್ಯಯನ. ಅವರು ಕೊಟ್ಟ ಅಂಕಿಗಳು ಊರೆಲ್ಲ ಓಡಾಡುತ್ತವೆ. ಜೊತೆಗೆ ತಪ್ಪು ತಿಳಿವಳಿಕೆಗಳೂ.

ನಂಬಿಕೆ: ಬೆಂಗಳೂರಿನ ಬಿಸಿಗೆ ಜಾಗತಿಕ ತಾಪಮಾನ ಏರಿಕೆಯೇ ಕಾರಣ, ನಮ್ಮ ಕೈಯಲ್ಲಿ ಏನೂ ಇಲ್ಲ.

ಭೂಮಿ ಬಿಸಿಯಾಗುತ್ತಿರುವುದು ನಿಜ. ಆದರೆ ಒಂದೇ ಬೀದಿಯಲ್ಲಿ ಟಾರು ಸುಡುತ್ತ ಮಣ್ಣು ತಂಪಾಗಿರುವುದಕ್ಕೆ ಅದು ಉತ್ತರವಲ್ಲ. ಟಾರು, ಕಾಂಕ್ರೀಟು ಹಗಲೆಲ್ಲ ಬಿಸಿಲು ಹೀರಿ ರಾತ್ರಿ ಬಿಡುತ್ತವೆ. ವಿಜಯನಗರದ ಮಹಡಿ ಮನೆಗಳಲ್ಲಿ ರಾತ್ರಿ ಹತ್ತು ಗಂಟೆಗೂ ಗೋಡೆ ಬೆಚ್ಚಗಿರುವುದು ಇದಕ್ಕೇ. ಎಲೆಯಿಂದ, ಒದ್ದೆ ಮಣ್ಣಿನಿಂದ, ಕೆರೆಯಿಂದ ನೀರು ಆವಿಯಾಗುವಾಗ ಶಾಖವನ್ನೂ ಒಯ್ಯುತ್ತದೆ. ರಾಮಚಂದ್ರ ಅವರ ತಂಡ 1973ರಿಂದ 2017ರವರೆಗಿನ ಉಪಗ್ರಹ ಚಿತ್ರಗಳನ್ನು ಹೋಲಿಸಿ ನೋಡಿದಾಗ ಕಟ್ಟಡ ಮತ್ತು ರಸ್ತೆ ಆವರಿಸಿದ ಜಾಗ ಶೇ 1028ರಷ್ಟು ಹೆಚ್ಚಿತ್ತು. ಅಂದರೆ ಹನ್ನೊಂದು ಪಟ್ಟು ದಾಟಿತ್ತು. ಹಸಿರು ಶೇ 88, ನೀರಿನ ತಾಣಗಳು ಶೇ 79ರಷ್ಟು ಕುಗ್ಗಿದ್ದವು. ಇದನ್ನು ಮಾಡಿದ್ದು ಎಲ್ಲೋ ದೂರದ ಹೊಗೆಯಲ್ಲ, ಇಲ್ಲಿನ ಬಡಾವಣೆಗಳು.

ನಂಬಿಕೆ: ಹಿಂದೆಯೂ ಇಷ್ಟೇ ಸೆಕೆ ಇತ್ತು.

1931ರ ಮೇ ತಿಂಗಳಲ್ಲಿ ನಗರದಲ್ಲಿ 38.9 ಡಿಗ್ರಿ ದಾಖಲಾಗಿತ್ತು, ಅದು ಸುಳ್ಳಲ್ಲ. 2016ರ ಏಪ್ರಿಲ್‌ನಲ್ಲಿ 39.2 ಬಂತು. ಆದರೆ ಇವು ಹವಾಮಾನ ಕೇಂದ್ರದ ನೆರಳಿನಲ್ಲಿ ಅಳೆದ ಗಾಳಿಯ ಉಷ್ಣತೆ, ಅದೂ ಒಂದೊಂದು ದಿನದ್ದು. ರಾಮಚಂದ್ರ ಅವರ ತಂಡ ಉಪಗ್ರಹದಿಂದ ಅಳೆಯುವುದು ನೆಲದ ಮೈಯ ಉಷ್ಣತೆ. ಈ ವ್ಯತ್ಯಾಸ ತಿಳಿಯದೆ ಒಬ್ಬರು ಅಧ್ಯಯನವನ್ನೇ ತಳ್ಳಿಹಾಕುತ್ತಾರೆ, ಇನ್ನೊಬ್ಬರು ನೆಲದ ಅಂಕಿಯನ್ನು ಗಾಳಿಗೆ ಅಂಟಿಸಿ ಜನರನ್ನು ಹೆದರಿಸುತ್ತಾರೆ. ಇಬ್ಬರದೂ ತಪ್ಪು.

ನಂಬಿಕೆ: ವೃಷಭಾವತಿ ಒಂದು ದೊಡ್ಡ ಮೋರಿ, ಮಳೆ ಜಾಸ್ತಿಯಾದಾಗ ಉಕ್ಕುತ್ತದೆ.

ನನಗೆ ತುಂಬ ನೋವು ಕೊಡುವ ಮಾತಿದು. ವೃಷಭಾವತಿ ನದಿ. ಬೆಂಗಳೂರು ಏರು ನೆಲದ ಮೇಲಿರುವ ಊರು. ಅದರ ಪೂರ್ವಕ್ಕೆ ಬಿದ್ದ ಮಳೆ ದಕ್ಷಿಣ ಪಿನಾಕಿನಿಯ ಕಡೆಗೆ, ಪಶ್ಚಿಮಕ್ಕೆ ಬಿದ್ದದ್ದು ವೃಷಭಾವತಿಯ ಮೂಲಕ ನಾಯಂಡಹಳ್ಳಿ, ಕೆಂಗೇರಿ, ಭೈರಮಂಗಲ ದಾಟಿ ಅರ್ಕಾವತಿಗೆ, ಅಲ್ಲಿಂದ ಸಂಗಮದಲ್ಲಿ ಕಾವೇರಿಗೆ. ನಲ್ಲಿಯಲ್ಲಿ ಬರುವ ಕಾವೇರಿ ನಮ್ಮ ಬಚ್ಚಲಿನಿಂದ ಹೊರಟು ಮತ್ತೆ ಕಾವೇರಿಗೇ ಸೇರುತ್ತದೆ, ಎಂಥ ಬಣ್ಣದಲ್ಲಿ ಎಂಬುದನ್ನು ಮೈಸೂರು ರಸ್ತೆಯಲ್ಲಿ ಬಸ್ಸಿನ ಕಿಟಕಿಯಿಂದಲೇ ನೋಡಬಹುದು.

ಉಕ್ಕುವುದಕ್ಕೆ ಮಳೆಯೊಂದೇ ಕಾರಣವೂ ಅಲ್ಲ. ಮೊದಲು ಮಳೆನೀರನ್ನು ಮಣ್ಣು ಕುಡಿಯುತ್ತಿತ್ತು, ಮಿಕ್ಕಿದ್ದು ಕೆರೆಯಲ್ಲಿ ನಿಂತು ಕೋಡಿ ಬಿದ್ದು ನಿಧಾನವಾಗಿ ಕೆಳಗಿನ ಕೆರೆಗೆ ಇಳಿಯುತ್ತಿತ್ತು. ಧರ್ಮಾಂಬುಧಿ ಕೆರೆ ಮೆಜೆಸ್ಟಿಕ್ ಬಸ್ ನಿಲ್ದಾಣವಾಯಿತು. ಕೇತಮಾರನಹಳ್ಳಿ ಕೆರೆ ರಾಜಾಜಿನಗರ, ಮಹಾಲಕ್ಷ್ಮೀಪುರದ ಮನೆಗಳಡಿ ಹೋಯಿತು. ನಿಲ್ಲಲು ಜಾಗವಿಲ್ಲದ, ಇಂಗಲು ಮಣ್ಣಿಲ್ಲದ ನೀರು ಒಮ್ಮೆಲೇ ರಾಜಕಾಲುವೆಗೆ ನುಗ್ಗಿದರೆ ತಗ್ಗಿನ ಮನೆಯ ಅಡುಗೆಕೋಣೆಗೆ ಬಾರದೆ ಎಲ್ಲಿಗೆ ಹೋಗಬೇಕು?

ಇದೇ ಮಾತಿನ ಇನ್ನೊಂದು ಮಗ್ಗುಲನ್ನು ರಾಮಚಂದ್ರ ಅವರ ತಂಡ ಪಶ್ಚಿಮ ಘಟ್ಟದಲ್ಲಿ ಕಂಡುಕೊಂಡಿತು. ಜಲಾನಯನದ ಶೇ 60ಕ್ಕಿಂತ ಹೆಚ್ಚು ಭಾಗದಲ್ಲಿ ಸ್ಥಳೀಯ ಮರಗಿಡಗಳಿದ್ದರೆ ಹಳ್ಳ ವರ್ಷವಿಡೀ ಹರಿಯುತ್ತದೆ. ಕಾಡು ತೆಳುವಾದಲ್ಲಿ ಮಳೆಗಾಲ ಮುಗಿಯುತ್ತಲೇ ಬತ್ತುತ್ತದೆ. ಅವರ ಎಲ್ಲ ಕೆಲಸಗಳಲ್ಲಿ ನನ್ನ ಮಟ್ಟಿಗೆ ಇದೇ ದೊಡ್ಡದು. ಕಾಡು ಕಡಿಯುವ ಯೋಜನೆಯನ್ನು ನೀರಿನ ಲೆಕ್ಕದಲ್ಲಿ ಪ್ರಶ್ನಿಸಲು ರೈತನಿಗೂ ಇದರಿಂದ ಒಂದು ಹಿಡಿಕೆ ಸಿಕ್ಕಿತು.

ನಂಬಿಕೆ: 2020ಕ್ಕೆ ಬೆಂಗಳೂರು ಸಾಯುತ್ತದೆ ಅಂದಿದ್ದರು, ಸಾಯಲಿಲ್ಲವಲ್ಲ.

ರಾಮಚಂದ್ರ ಅವರ ಮಾದರಿ ಲೆಕ್ಕ ಹಾಕಿದ್ದು ಸಾವನ್ನಲ್ಲ. ಬೆಳವಣಿಗೆ ಅದೇ ಓಟದಲ್ಲಿ ಸಾಗಿದರೆ 2020ರ ಹೊತ್ತಿಗೆ ನಗರದ ಸುಮಾರು ಶೇ 93ರಷ್ಟು ನೆಲ ಕಟ್ಟಡಗಳಿಂದ ಮುಚ್ಚಬಹುದು ಎಂದು. ‘ಸಾಗಿದರೆ’ ಎಂಬ ಪದ ತಲೆಬರಹಗಳಲ್ಲಿ ಉದುರಿಹೋಯಿತು. ಅದು ಜ್ಯೋತಿಷ್ಯವಲ್ಲ, ಎಚ್ಚರಿಕೆ.

ನಂಬಿಕೆ: ಇಂಥ ಸಂಶೋಧನೆ ಕಪಾಟು ಸೇರುತ್ತದೆ.

ಬಹಳಷ್ಟು ಸೇರುವುದೂ ನಿಜವೇ. ವಿಜ್ಞಾನಿಯ ಪ್ರಭಾವವನ್ನು ಅವರ ಪ್ರಬಂಧವನ್ನು ಎಷ್ಟು ಜನ ಉಲ್ಲೇಖಿಸಿದರು ಎಂದು ಎಣಿಸುವ ರೂಢಿಯಿದೆ. ಆದರೆ ನಗರದಲ್ಲಿ ಸುಮಾರು 14.78 ಲಕ್ಷ ಮರಗಳಿವೆ, ಅಂದರೆ ಆರೇಳು ಜನಕ್ಕೆ ಒಂದು ಮರ ಎಂಬ ರಾಮಚಂದ್ರ ಅವರ 2014ರ ಲೆಕ್ಕವನ್ನು ರಸ್ತೆ ಅಗಲೀಕರಣದ ವಿರುದ್ಧ ನಿಂತವರು ಬಾಯಿಪಾಠದಂತೆ ಹೇಳುತ್ತಾರೆ. ಆ ಬಳಕೆ ಯಾವ ಸೂಚ್ಯಂಕದಲ್ಲೂ ಕಾಣುವುದಿಲ್ಲ.

ಮುಂದಿನ ವಾರ ಹೋದಾಗ ಅಮ್ಮ ಹೊಂಗೆಯ ಬುಡಕ್ಕೆ ಜಾಗ ಬದಲಿಸಿದ್ದರು. ಇಲ್ಲೊಂದು ಕೆರೆ ಇತ್ತಂತೆ ಎಂದೆ. “ಹೂಂ ಸಾರ್, ನಮ್ಮತ್ತೆ ಹೇಳೋರು, ಬಟ್ಟೆ ಒಗಿಯಕ್ಕೆ ಅಲ್ಲಿಗೇ ಓಯ್ತಿದ್ರಂತೆ” ಎನ್ನುತ್ತ ದಂಟಿನ ಕಟ್ಟಿನ ಮೇಲೆ ನೀರು ಚಿಮುಕಿಸಿದರು.